ಕಂಬ ಕೊಳ್ಳುವ ಮೊದಲು

ಬೆಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಹಾಲುಕ್ಕಿಸಿ ಸಂಸಾರ ಹೂಡುತ್ತಿರುವ ಎಲ್ಲ ಗೆಳೆಯ ಗೆಳತಿಯರಿಗೆ, ಅದರಲ್ಲೂ ನಮ್ಮ ಕಟ್ಟಡದ ಹೊಸ ನೆರೆಯವರಿಗೆ,

ನಾನು ಸಾಗರದ ಕಡೆಯ ಹಳೇ ಮನೆಯೊಂದರಲ್ಲಿ ಬೆಳೆದವಳು ಎಂದು ಗೊತ್ತಾದ ಕೂಡಲೇ ನಿಮ್ಮಲ್ಲಿ ಬಹಳ ಮಂದಿ ಕೇಳುವುದು ಒಂದೇ: "ಆಂಟಿ, ನಮ್ಮ ಹಾಲ್‌ಗೆ ಒಂದು ಟ್ರೆಡಿಷನಲ್ ಲುಕ್ ಬೇಕು, ಏನೇನು ತರೋಣ?" ಲಿಫ್ಟಿನೊಳಗೆ ಒಬ್ಬೊಬ್ಬರಿಗೇ ಅರ್ಧರ್ಧ ಉತ್ತರ ಹೇಳಿ ಸಾಕಾಯಿತು. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಕಾಗದ.

ಸದ್ಯಕ್ಕೆ ಏನೂ ತರಬೇಡಿ. ಒಂದು ಮಳೆಗಾಲವಾದರೂ ಆ ಮನೆಯಲ್ಲಿ ಇದ್ದು ನೋಡಿ. ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಇರಚಲು ಯಾವ ಕಡೆಯಿಂದ ಹೊಡೆಯುತ್ತದೆ, ಬಂದವರು ತಾವಾಗಿಯೇ ಎಲ್ಲಿ ಹೋಗಿ ಕೂರುತ್ತಾರೆ, ಮಕ್ಕಳು ಯಾವ ಮೂಲೆ ಹಿಡಿಯುತ್ತಾರೆ, ನೀವು ಫೋನಿನಲ್ಲಿ ಮಾತಾಡುತ್ತಾ ಎಲ್ಲಿಗೆ ಹೋಗಿ ನಿಲ್ಲುತ್ತೀರಿ ಎಂಬುದೆಲ್ಲ ಗೊತ್ತಾಗಲಿ. ಆಮೇಲೆ ಕೊಳ್ಳುವ ಪಟ್ಟಿ ತಾನಾಗಿಯೇ ಅರ್ಧಕ್ಕಿಳಿದಿರುತ್ತದೆ.

ಹಳೇ ಮನೆಗಳಲ್ಲಿ ಬರೀ ಅಂದಕ್ಕೆಂದು ಇಟ್ಟ ವಸ್ತು ತೀರಾ ಕಡಿಮೆ. ತೊಟ್ಟಿ ಇದ್ದದ್ದು ನಡುಮನೆಗೆ ಗಾಳಿ ಬೆಳಕು ಬರಲೆಂದು, ಮಾಡಿನ ನೀರು ಒಂದೆಡೆ ಬೀಳಲೆಂದು. ಕಂಬ ಮಾಡು ಹೊರುತ್ತಿತ್ತು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ತೂಗುಮಂಚದ ಮೇಲೆ ಅಜ್ಜ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು, ಸಂಜೆ ಮಕ್ಕಳು ಸರಪಳಿ ಕಿತ್ತುಬರುವಂತೆ ಜೀಕುತ್ತಿದ್ದರು. ಇವತ್ತು ನಮ್ಮ ಕಣ್ಣಿಗೆ ಚೆಂದ ಕಾಣುವ ಆ ನುಣುಪು ಕೈ ತಾಗಿ ತಾಗಿ, ಕಾಲು ತುಳಿದು ತುಳಿದು ಬಂದದ್ದು. ಆ ಕೆಲಸವೆಲ್ಲ ಬಿಟ್ಟು ಬರೀ ನುಣುಪನ್ನು ಕೊಂಡು ತರಲು ಹೊರಟರೆ ಮನೆ ಹೋಟೆಲಿನ ಲಾಬಿಯ ಹಾಗೆ ಕಾಣುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಮೊದಲು ರೂಢಿ ಬರಲಿ, ಅದರ ಹಿಂದೆ ಸಾಮಾನು ಬರಲಿ.

ನಿಮಗೆಲ್ಲ ಆಸೆ ಇರುವುದು ಕಂಬದ ಮೇಲೆ ಅಂತ ನನಗೆ ಗೊತ್ತು. ಹಳೇ ಮರದ ಕಂಬ, ಕೆತ್ತನೆಯ ಬಾಗಿಲು, ಹಿತ್ತಾಳೆ ಗುಬ್ಬಿಗಳ ದ್ವಾರಬಂಧ. ಇವು ಎಲ್ಲಿಂದ ಬರುತ್ತವೆ ಗೊತ್ತೇ? ಅಣ್ಣತಮ್ಮಂದಿರಲ್ಲಿ ಪಾಲಾಗಿ, ರಿಪೇರಿ ಖರ್ಚಿಗೆ ಯಾರೂ ಕೈಹಾಕದೆ, ಮಾಡು ಸೋರಿ ಗೋಡೆ ಕುಸಿಯಹತ್ತಿದ ಮನೆಗಳಿಂದ. ಮಲೆನಾಡು, ಕರಾವಳಿ, ತಮಿಳುನಾಡಿನ ಚೆಟ್ಟಿನಾಡು, ಎಲ್ಲ ಕಡೆಯೂ ಕತೆ ಹೆಚ್ಚುಕಮ್ಮಿ ಒಂದೇ. ಚೆಟ್ಟಿನಾಡಿನ ಕಾರೈಕುಡಿಯಲ್ಲಿ ಇಂಥ ಹಳೇ ಸಾಮಾನಿನ ಅಂಗಡಿಗಳದ್ದೇ ಬೀದಿ ಇದೆ. ಬರ್ಮಾ ತೇಗದ ಕಂಬದಿಂದ ಹಿಡಿದು ಯಾರದೋ ಮನೆಯ ಅಜ್ಜ ಅಜ್ಜಿಯ ಫೋಟೋದವರೆಗೆ ಅಲ್ಲಿ ಮಾರಾಟಕ್ಕೆ ಸಿಗುತ್ತದೆ. ನಮ್ಮಲ್ಲಿ ಈ ಬಗ್ಗೆ ತಲೆಕೆಡಿಸಿಕೊಂಡವರೆಂದರೆ ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ನೆಲಸಮವಾಗಲಿದ್ದ ಮನೆಗಳನ್ನು ಇಡಿಯಾಗಿ ಬಿಡಿಸಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲಮಹಲು ಎಲ್ಲ ಈಗ ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಮಕ್ಕಳನ್ನು ಕರಕೊಂಡು ಒಮ್ಮೆ ಹೋಗಿ ಬನ್ನಿ. ಕಂಬ ತನ್ನ ಜಗಲಿಯಲ್ಲಿ, ತನ್ನ ಮಾಡಿನ ಕೆಳಗೆ ಹೇಗಿರುತ್ತದೆ ಎಂದು ಅಲ್ಲಿ ನೋಡಿದ ಮೇಲೂ ನಿಮ್ಮ ಟೀವಿ ಪಕ್ಕದಲ್ಲಿ ಏನನ್ನೂ ಹೊರದ ಕಂಬವೊಂದು ಬೇಕು ಅನ್ನಿಸಿದರೆ ಧಾರಾಳವಾಗಿ ತನ್ನಿ, ನಾನು ಬೇಡವೆನ್ನುವುದಿಲ್ಲ. ನಿಮ್ಮ ಊರಿನ ಮನೆಯಲ್ಲೇ ಯಾವುದಾದರೂ ಮಣೆಯೋ, ಕಾಲುಪೆಟ್ಟಿಗೆಯೋ, ಕಡಗೋಲೋ ಅಟ್ಟದಲ್ಲಿ ಬಿದ್ದಿದ್ದರೆ ಮೊದಲು ಅದನ್ನು ತನ್ನಿ. ಯಾರದ್ದೆಂದು ಹೇಳಿಕೊಳ್ಳಲು ಒಂದು ಹೆಸರಾದರೂ ಇರುತ್ತದೆ.

ಉರುಳಿಯ ಬಗ್ಗೆಯೂ ಒಂದು ಮಾತು. ಪಾಯಸ ಕಾಯಿಸಬೇಕಾದ ಕಂಚಿನ ಉರುಳಿಯಲ್ಲಿ ನೀರು ತುಂಬಿ ಗುಲಾಬಿ ಪಕಳೆ ತೇಲಿಬಿಡುವುದು ಈಗ ಮನೆಮನೆಯ ಶೋಕಿ. ನೋಡಲು ಚೆಂದವೇ. ಆದರೆ ಡೆಂಗಿ ಹರಡುವ ಸೊಳ್ಳೆಗೂ ಇಂಥ ನಿಂತ ತಿಳಿನೀರೇ ಇಷ್ಟ; ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ದಿನಾ ನೀರು ಬದಲಿಸಿ ಉರುಳಿ ತಿಕ್ಕುವ ವ್ಯವಧಾನವಿದ್ದವರು ಇಡಲಿ. ಇಲ್ಲದವರು ಅದರಲ್ಲಿ ಪಾಯಸ ಮಾಡಲಿ.

ನೆಲದ ವಿಚಾರಕ್ಕೆ ಬರುತ್ತೇನೆ. ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳ ಕೆಂಪು ಗಾರೆ ನೆಲ ಕಂಡವರಿಗೆಲ್ಲ ಅದೇ ಬೇಕೆನಿಸುತ್ತದೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಬಣ್ಣ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ತಿಕ್ಕಿ ತರುವ ಹೊಳಪು ಅದು. ಒಂದು ಕೋಣೆ ಹಿಡಿದರೆ ನಡುವೆ ಬಿಡುವ ಹಾಗಿಲ್ಲ, ಬಿಟ್ಟಲ್ಲಿ ಗೆರೆ ಬೀಳುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಅಷ್ಟಾದರೂ ಕೂದಲೆಳೆಯ ಬಿರುಕು ಬಿಟ್ಟೇ ಬಿಡುತ್ತದೆ, ಬಿಡಲಿ. ಕೊಬ್ಬರಿ ಎಣ್ಣೆ ಸವರಿದ ಹಾಗೆಲ್ಲ, ಜನ ಓಡಾಡಿದ ಹಾಗೆಲ್ಲ ಬಣ್ಣ ಗಾಢವಾಗುತ್ತಾ ಬರುತ್ತದೆ. ಇದನ್ನು ಬಲ್ಲ ಗಾರೆ ಕೆಲಸದವರು ಈಗ ಬೆರಳೆಣಿಕೆಯಷ್ಟು ಮಂದಿ. ಫ್ಲ್ಯಾಟಿನಲ್ಲಿ ಬಿಲ್ಡರ್ ಹಾಕಿಕೊಟ್ಟ ಟೈಲ್ಸನ್ನು ಒಡೆಸಿ ಇದನ್ನು ಮಾಡಿಸಲು ಹೋಗಬೇಡಿ. ದುಡ್ಡು ಹಾಳು, ಧೂಳು, ಕೆಳಗಿನ ಮನೆಯವರ ಶಾಪ. ಆಸೆ ತೀರಬೇಕಿದ್ದರೆ ದೇವರ ಮೂಲೆಗೋ ಬಾಲ್ಕನಿಗೋ ಆತ್ತಂಗುಡಿ ಟೈಲ್ಸ್ ಹಾಕಿಸಿ. ಗಾಜಿನ ತಟ್ಟೆಯ ಮೇಲೆ ಬಣ್ಣದ ಸಿಮೆಂಟು ಎರೆದು, ಮೇಲೆ ಮರಳು ಸಿಮೆಂಟು ತುಂಬಿ, ನೀರಲ್ಲಿ ನೆನೆಸಿ ಕೈಯಲ್ಲೇ ಮಾಡುವ ಬಿಲ್ಲೆ ಅದು; ಗೂಡಿನಲ್ಲಿ ಸುಡುವುದಿಲ್ಲ. ಒಂದೇ ಎಚ್ಚರ: ಆಸಿಡ್ ಹಾಕಿ ತೊಳೆಯಬಾರದು. ತೊಳೆದರೆ ಮೇಲಿನ ಬಣ್ಣ ತಿಂದುಹಾಕುತ್ತದೆ.

ಇದೂ ದುಬಾರಿ ಎನ್ನುವವರಿಗೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ಇದೆ. ಹತ್ತಿಯದ್ದು, ನೇಯುವವರು ಹೆಂಗಸರು, ನವಿಲು ಮತ್ತು ಪಗಡೆ ಹಾಸಿನ ಚಿತ್ತಾರ. ಭೌಗೋಳಿಕ ಸೂಚ್ಯಂಕವೇನೋ ಸಿಕ್ಕಿದೆ, ಮಗ್ಗದ ಮುಂದೆ ಕೂರುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಹಾಲಿನಲ್ಲಿ ಒಂದು ಜಮಖಾನೆ ಹಾಸಿದರೆ ಸೋಫಾದಲ್ಲಿ ಕಾಲು ಇಳಿಬಿಟ್ಟು ಬಿಗಿಯಾಗಿ ಕೂತಿದ್ದವರೂ ಸ್ವಲ್ಪ ಹೊತ್ತಿಗೆ ಕೆಳಗಿಳಿದು ಚಕ್ಕಳಮಕ್ಕಳ ಹಾಕಿ, ಗೋಡೆಗೊರಗಿ, ದನಿ ಬದಲಿಸಿ ಮಾತಾಡತೊಡಗುತ್ತಾರೆ. ಐವತ್ತು ದಾಟಿದವರ ಮಂಡಿಗಾಗಿ ಎರಡು ಕುರ್ಚಿ ಇರಲಿ.

ದೀಪದ ಮಾತು ಚಿಕ್ಕದು, ಆದರೆ ನೀವು ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಅತಿ ದೊಡ್ಡ ಬದಲಾವಣೆ ಇದೇ. ನಿಮ್ಮ ಹಾಲಿನ ಸೂರಿನಲ್ಲಿರುವ ಬಿಳೀ ಎಲ್‌ಇಡಿ 6500 ಕೆಲ್ವಿನ್ನಿನದ್ದು. ಅದರ ಕೆಳಗೆ ಎಂಥ ಮನೆಯೂ ಡಯಾಗ್ನೋಸ್ಟಿಕ್ ಸೆಂಟರೇ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವುದನ್ನು ಕೇಳಿ ತನ್ನಿ, ಸೂರಿಗಿಂತ ಕೆಳಗೆ, ಗೋಡೆಯಲ್ಲೋ ಮೂಲೆಯ ದೀಪದಲ್ಲೋ ಹಾಕಿ. ತರಕಾರಿ ಹೆಚ್ಚುವಲ್ಲಿ, ಮಕ್ಕಳು ಓದುವಲ್ಲಿ ಬಿಳೀ ಬೆಳಕೇ ಇರಲಿ.

ಗೋಡೆಗೆ ನನ್ನ ಆಯ್ಕೆ ಹಸೆ ಚಿತ್ತಾರ. ನಮ್ಮ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮದುವೆಗೆಂದು ಗೋಡೆಯ ಮೇಲೆ ಬರೆಯುವ ಚಿತ್ರ. ಕೆಮ್ಮಣ್ಣಿನ ಕೆಂಪು, ಅಕ್ಕಿ ಅರೆದ ಬಿಳಿ, ಹುರಿದು ಸೀಯಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಮದುಮಕ್ಕಳು ಅದರ ಮುಂದೆ ಹಸೆಗೆ ಕೂರುತ್ತಾರೆ. ಈಗ ಅವರಲ್ಲೇ ಹಲವರು ಬಟ್ಟೆ ಮೇಲೆ, ಕಾಗದದ ಮೇಲೆ ಬರೆದುಕೊಡುತ್ತಾರೆ. ಅಂಗಡಿಯ ಪ್ರಿಂಟ್ ತರಬೇಡಿ, ಬರೆದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ಅಡುಗೆಮನೆಯಲ್ಲಿ ಹಳೆಯದನ್ನು ಶೋಕೇಸಿಗಿಡದೆ ಒಲೆಗೇ ಇಡಿ. ಕಬ್ಬಿಣದ ಕಾವಲಿ, ಬಾಣಲೆ, ಬಳಪದ ಕಲ್ಲಿನ ಮರಿಗೆ. ಹೊಸ ಮರಿಗೆಯನ್ನು ನೇರ ಒಲೆಗಿಟ್ಟರೆ ಸೀಳುತ್ತದೆ. ಎಣ್ಣೆ ಸವರಿ, ಕೆಲವು ದಿನ ಬಿಸಿ ಗಂಜಿ ಬಗ್ಗಿಸಿ ಪಳಗಿಸಬೇಕು. ಪಳಗಿದ ಮೇಲೆ ಅದರಲ್ಲಿ ಮಾಡಿದ ಸಾರು ಒಲೆ ಆರಿಸಿದ ಮೇಲೂ ಕುದಿಯುತ್ತಲೇ ಇರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗೆ ಮಾತ್ರ ಹುಳಿ ಹಾಕಬೇಡಿ, ಹುಣಸೆಹಣ್ಣು ಅದನ್ನು ಬೆಳಗಲಿಕ್ಕಿರಲಿ.

ಇನ್ನು ಬಾಗಿಲು. ಹೊಸ್ತಿಲ ಹೊರಗೆ ಎರಡಡಿ ಜಾಗವೂ ನಿಮ್ಮದಲ್ಲ, ನಿವಾಸಿಗಳ ಸಂಘದ್ದು. ಕಾರಿಡಾರಿನಲ್ಲಿ ರಂಗೋಲಿ ಹಾಕಿದರೆ ಕೊಳೆಯಾಗುತ್ತದೆ ಎಂದು ಗುರುಗುಟ್ಟುವ, ಚಪ್ಪಲಿ ಸ್ಟ್ಯಾಂಡುಗಳ ಸಾಲಿಗೆ ಮಾತ್ರ ಏನೂ ಅನ್ನದ ಸಂಘಗಳನ್ನು ನಾನು ಬಲ್ಲೆ. ಸ್ಟಿಕ್ಕರ್ ರಂಗೋಲಿ ಅಂಟಿಸಿ ರಾಜಿಯಾಗಬೇಡಿ. ಅಂಗೈ ಅಗಲದ ನಾಲ್ಕೆಳೆ ಸಾಕು, ಅಕ್ಕಿ ಹಿಟ್ಟಾದರೆ ಇರುವೆ ಬಂದು ಗುಡಿಸುವ ಕೆಲಸ ಅರ್ಧ ಮಾಡಿಕೊಡುತ್ತದೆ. ಬಾಗಿಲ ಒಳಗೆ ತಗ್ಗಿನ ಒಂದು ಬೆಂಚು ಹಾಕಿ. ಬಂದವರು ಚಪ್ಪಲಿ ಬಿಚ್ಚಲು, ಹೆಲ್ಮೆಟ್ ಇಡಲು, ಹೊರಟವರು ಮತ್ತೆ ಕೂತು ಇನ್ನೊಂದರ್ಧ ಗಂಟೆ ಮಾತಾಡಲು ಆಗುತ್ತದೆ. ಫ್ಲ್ಯಾಟಿನಲ್ಲಿ ಜಗಲಿ ಅಂದರೆ ಅದೇ.

ಜಗಲಿ ಎಂದ ಮೇಲೆ ಇನ್ನೊಂದನ್ನು ಹೇಳಲೇಬೇಕು. ನಮ್ಮ ಹಳೇ ಮನೆಗಳ ಜಗಲಿ ಎಲ್ಲರದ್ದೂ ಆಗಿರಲಿಲ್ಲ. ಕೆಲವರು ನಡುಮನೆಯವರೆಗೆ, ಕೆಲವರು ಜಗಲಿಯವರೆಗೆ, ಕೆಲವರು ಅಂಗಳದವರೆಗೆ, ಇನ್ನು ಕೆಲವರು ದಣಪೆಯಾಚೆಗೇ. ಯಾರಿಗೆ ಯಾವ ಗೆರೆ ಎಂದು ಮಕ್ಕಳಿಗೂ ಗೊತ್ತಿತ್ತು. ಊಟದ ಪಂಕ್ತಿಯಲ್ಲೂ ಅದೇ ಲೆಕ್ಕ. ಹೆಂಗಸರು ಹೊಗೆಯ ಅಡುಗೆಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಉಣ್ಣುತ್ತಿದ್ದರು, ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು. ಆ ಮನೆಯ ಬೆಚ್ಚಗಿನ ನೆನಪನ್ನು ಹಾಡಿ ಹೊಗಳುವವರು ಬಹುಪಾಲು ಒಳಗೆ ಕೂತಿದ್ದವರೇ, ನಾನೂ ಅವರಲ್ಲೊಬ್ಬಳು. ಹಾಗಾಗಿ ಸಂಪ್ರದಾಯದ ಮನೆ ಬೇಕೆನ್ನುವಾಗ ಯಾವುದನ್ನು ಹೊತ್ತು ತರುತ್ತೇವೆ, ಯಾವುದನ್ನು ಅಲ್ಲೇ ಬಿಡುತ್ತೇವೆ ಎಂದು ಆರಿಸಿಕೊಳ್ಳುವ ಹೊಣೆ ನಮ್ಮದು. ಫ್ಲ್ಯಾಟಿನಲ್ಲಿ ಆ ಗೆರೆ ಅಳಿಸಿಹೋಗಿದೆ ಅಂತ ಅಂದುಕೊಂಡಿದ್ದೀರಾ? ಮನೆಗೆಲಸಕ್ಕೆ ಬರುವವರಿಗೆ ಬೇರೆ ಲಿಫ್ಟು, ಸಿಂಕಿನ ಕೆಳಗೆ ಬೋರಲು ಹಾಕಿದ ಬೇರೆ ಲೋಟ. ಮನೆಯ ಅಲಂಕಾರವನ್ನು ಆ ಲೋಟ ತೆಗೆಯುವುದರಿಂದ ಶುರುಮಾಡಿ. ಬೆಳಗ್ಗೆ ಬರುವ ಅಕ್ಕನಿಗೂ ನೀವು ಕುಡಿಯುವ ಲೋಟದಲ್ಲೇ, ಕೂರಿಸಿ ಕಾಫಿ ಕೊಡಿ.

ಹೊತ್ತು ತರಬೇಕಾದದ್ದೂ ಇದೆ. ನಮ್ಮ ಕಡೆ ಜಗಲಿ ಹತ್ತಿ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಕುಡಿಯಲು ನೀರು ಬೆಲ್ಲ. "ಕೂರಿ, ಬಾಯಾರಿಕೆಗೆ ಎಂತ ಮಾಡ್ಲಿ?" ಅಂತ ಕೇಳಿ, ಮಜ್ಜಿಗೆಯೋ ಕೋಕಂ ಪಾನಕವೋ ಕೊಟ್ಟು, ಕವಳದ ಬಟ್ಟಲು ಮುಂದೆ ಸರಿಸಿದ ಮೇಲೆ ಬಂದ ಕೆಲಸ ಏನೆಂದು ವಿಚಾರಿಸುವುದು. ಇದರಲ್ಲಿ ಖರ್ಚಿಲ್ಲ, ತಯಾರಿಯೂ ಇಲ್ಲ. ನೀವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ವರ್ಷಕ್ಕೊಮ್ಮೆ ನಲವತ್ತು ಜನರನ್ನು ಕರೆದು, ಕೇಟರಿಂಗಿನವರಿಗೆ ಹೇಳಿ, ಸಾಲು ಡಬರಿಗಳ ಹಿಂದೆ ಟೋಪಿಯವರನ್ನು ನಿಲ್ಲಿಸಿ, ಮಾರನೇ ದಿನ ಸುಸ್ತಾಗಿ ಮಲಗುತ್ತೀರಿ; ಇನ್ನೊಂದು ವರ್ಷ ಯಾರೂ ಬರುವ ಹಾಗಿಲ್ಲ. ಅದರ ಬದಲು ಆರು ಜನ ಕರೆಯಿರಿ. ಕೋಸಂಬರಿ, ಒಂದು ಪಲ್ಯ, ಒಂದು ತಂಬುಳಿ, ಸಾರು, ಪಾಯಸ. ಕೃಷ್ಣರಾಜ ಮಾರುಕಟ್ಟೆಯಿಂದ ಬಾಳೆ ಎಲೆ ತಂದು ಒರೆಸಿ ಹಾಕಿ. ಕುಡಿ ಉಣ್ಣುವವರ ಎಡಗಡೆಗೆ ಬರಲಿ, ಮೊದಲು ಉಪ್ಪು ಬಡಿಸಿ. ಎಲೆಯ ಊಟದಲ್ಲಿ ನನಗೆ ಮುಖ್ಯ ಎನಿಸುವುದು ಎಲೆಯಲ್ಲ, ಬಡಿಸುವುದು. ಪಾತ್ರೆ ಹಿಡಿದು ಒಬ್ಬೊಬ್ಬರ ಮುಂದೂ ಬಗ್ಗಿ "ಇನ್ನು ಸ್ವಲ್ಪ?" ಎಂದು ಕೇಳುವಾಗ ಮೂಲೆಯಲ್ಲಿ ಸುಮ್ಮನೆ ಕೂತ ನಾಚಿಕೆಯ ಹುಡುಗನ ಮುಖವನ್ನೂ ನೋಡಲೇಬೇಕಾಗುತ್ತದೆ. ಬಫೆಯಲ್ಲಿ ಅವನು ತಟ್ಟೆ ಹಿಡಿದು ಕಿಟಕಿ ಹತ್ತಿರ ನಿಂತು ಮನೆಗೆ ಹೋಗಿರುತ್ತಾನೆ. ಬಡಿಸುವ ಕೆಲಸ ಗಂಡಸರದ್ದಾಗಲಿ, ಅದೇನೂ ಹೊಸತಲ್ಲ. ಮದುವೆಮನೆಗಳಲ್ಲಿ ಪಂಚೆ ಎತ್ತಿ ಕಟ್ಟಿ ಬಡಿಸುತ್ತಿದ್ದವರು ಅವರೇ.

ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆಯಲೇಬೇಕೆಂದರೆ ನವರಾತ್ರಿಯ ಗೊಂಬೆ ಹಬ್ಬಕ್ಕಿಂತ ಒಳ್ಳೆಯದಿಲ್ಲ. ಹಳೇ ಮೈಸೂರಿನವರ ಈ ರೂಢಿಯನ್ನು ನಾನು ಬೆಂಗಳೂರಿಗೆ ಬಂದ ಮೇಲೆ ಕಲಿತದ್ದು. ಮೂರೋ ಐದೋ ಏಳೋ, ಬೆಸ ಲೆಕ್ಕದ ಮೆಟ್ಟಿಲು. ಮೇಲೆ ಪಟ್ಟದ ಗೊಂಬೆ ರಾಜ ರಾಣಿ, ತವರಿನಿಂದ ಮದುವೆಯಲ್ಲಿ ಬಂದದ್ದು. ಕೆಳಗೆ ಧಾನ್ಯ ಬೇಳೆ ಮುಂದಿಟ್ಟುಕೊಂಡ ಶೆಟ್ಟರ ಅಂಗಡಿ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಕಿನ್ನಾಳದ ಗೊಂಬೆ. ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸಿ ಮಕ್ಕಳು ಪಾರ್ಕು ಮಾಡುತ್ತಾರೆ, ಅದರೊಳಗೆ ಮೆಟ್ರೋ ರೈಲು ಓಡಿಸಿದರೂ ಯಾವ ದೇವರಿಗೂ ಕೋಪ ಬರುವುದಿಲ್ಲ. ಸಂಜೆ ಆರತಿಯಾದ ಮೇಲೆ ಬಂದ ಮಕ್ಕಳ ಅಂಗೈಗೆ ಚರ್ಪಿನ ತಿಂಡಿ. ಇದಕ್ಕೆ ಉಡುಗೊರೆ ತರಬೇಕಾಗಿಲ್ಲ, ಊಟಕ್ಕೆ ಏಳಬೇಕಾಗಿಲ್ಲ, ಯಾವ ಭಾಷೆಯವರಾದರೂ ಯಾವ ಮತದವರಾದರೂ ಗೊಂಬೆ ನೋಡಲು ಅಡ್ಡಿಯಿಲ್ಲ. ನಮ್ಮ ಮೇಲಿನ ಮಹಡಿಯ ಮಕ್ಕಳ ಹೆಸರು ನನಗೆ ಗೊತ್ತಾದದ್ದು ಹೀಗೆ.

ಗಿಡಗಳ ಬಗ್ಗೆ ಬರೆಯದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ನಿಮ್ಮ ಬಾಲ್ಕನಿಗಳಲ್ಲಿ ನಾನು ಕಂಡದ್ದು ಸ್ನೇಕ್ ಪ್ಲ್ಯಾಂಟು, ಅರಿಕಾ ಪಾಮು, ಮತ್ತೆ ಸ್ನೇಕ್ ಪ್ಲ್ಯಾಂಟು. ಅವು ಸಾಯುವುದಿಲ್ಲ ಎಂಬುದೊಂದೇ ಅವುಗಳ ಗುಣ. ಕಿತ್ತು ಸಾರಿಗೆ ಹಾಕಲಾಗದ, ಮುಡಿಗೆ ಏರದ, ದೇವರಿಗೂ ಸಲ್ಲದ ಗಿಡವನ್ನು ನೋಡಲು ದಿನಾ ಬಾಲ್ಕನಿಗೆ ಹೋಗುವವರು ಯಾರು? ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿ. ಎಂಟು ಹತ್ತು ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಹಾಕಿದರೆ ತಂಬುಳಿ. ನೆರಳಿರುವ, ತಂಪಿರುವ ಕಡೆ ಒಂದೆಲಗ ಹಬ್ಬುತ್ತದೆ. ಗ್ರಿಲ್ಲಿಗೆ ಬಸಳೆ ಹಬ್ಬಿಸಿ, ಪಾರಿವಾಳದ ಬಲೆಗಿಂತ ಕಣ್ಣಿಗೂ ಹಿತ. ಮಜ್ಜಿಗೆ ಹುಲ್ಲು, ಕರಿಬೇವು, ಒಂದು ದಾಸವಾಳ. ಐದಾರು ಗಂಟೆ ಬಿಸಿಲು ಬೀಳುವ ಪುಣ್ಯವಂತರು ಮಲ್ಲಿಗೆ ಇಡಿ. ಚಳಿಗಾಲದಲ್ಲಿ ಕೈನಡುಗದೆ ಸವರಿದರೆ ಬೇಸಿಗೆಗೆ ಮೊಗ್ಗು. ತುಳಸಿಗೂ ಬಿಸಿಲು ಬೇಕು, ಗಾಳಿಯಿಲ್ಲದ ಮೂಲೆಯಲ್ಲಿ ಬೃಂದಾವನ ಕಟ್ಟಿಸಿ ತುಳಸಿ ಒಣಗಿಸಬೇಡಿ.

ಕುಂಡಕ್ಕೆ ಬರೀ ಕೆಮ್ಮಣ್ಣು ತುಂಬಬೇಡಿ. ಒದ್ದೆ ಮಣ್ಣು ಭಾರ, ಬಾಲ್ಕನಿ ಹೊರಬೇಕು. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ. ಗೊಬ್ಬರ ನಿಮ್ಮ ಅಡುಗೆಮನೆಯ ಸಿಪ್ಪೆಯಿಂದಲೇ ಆಗುತ್ತದೆ, ಒಣ ಎಲೆ ಸೇರಿಸುತ್ತಿದ್ದರೆ ವಾಸನೆ ಬರುವುದಿಲ್ಲ. ನೀರಿನ ವಿಷಯದಲ್ಲಿ 2024ರ ಮಾರ್ಚ್ ನೆನಪಿರಲಿ. ಆಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದಿತ್ತು. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು, ಹಣ್ಣು ತೊಳೆದದ್ದು ಎಲ್ಲ ಒಂದು ಬಕೆಟ್ಟಿಗೆ ಬೀಳಲಿ. ನನ್ನ ಕುಂಡಗಳು ಅಷ್ಟರಲ್ಲೇ ಬದುಕಿಕೊಂಡವು. ಕುಂಡದ ಕೆಳಗೆ ತಟ್ಟೆ ಇಡುವುದನ್ನು, ಆ ತಟ್ಟೆಯ ನೀರು ಚೆಲ್ಲುವುದನ್ನು ಮರೆಯಬೇಡಿ, ಕೆಳಗಿನ ಮನೆಯವರು ಬಟ್ಟೆ ಒಣಗಿಸಿರುತ್ತಾರೆ.

ಗಿಡ ಕೊಳ್ಳಲೇಬೇಕಿದ್ದರೆ ಲಾಲ್‌ಬಾಗಿನ ಒಳಗೇ ನರ್ಸರಿಯವರ ಸಹಕಾರ ಸಂಘವಿದೆ. ಆದರೆ ಮಲೆನಾಡಿನ ಹೆಂಗಸರು ಗಿಡ ಕೊಂಡದ್ದನ್ನು ನಾನು ಚಿಕ್ಕವಳಿದ್ದಾಗ ಕಂಡೇ ಇರಲಿಲ್ಲ. ಡೇರೆ ಹೂವಿನ ಗಡ್ಡೆ, ದಾಸವಾಳದ ಕಡ್ಡಿ, ಯಾವುದೋ ಊರಿನ ಬದನೆ ಬೀಜ, ಎಲ್ಲವೂ ನೆಂಟರ ಮನೆಯಿಂದ ಸೆರಗಿನಲ್ಲಿ ಬರುತ್ತಿದ್ದವು. ಕೇಳದೆ ಚಿವುಟಿ ತಂದದ್ದು ಇನ್ನೂ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯೂ ಇತ್ತು; ಅದರ ಸತ್ಯಾಸತ್ಯ ನೀವೇ ಪರೀಕ್ಷಿಸಿಕೊಳ್ಳಿ, ನನ್ನ ಕರಿಬೇವನ್ನು ಮಾತ್ರ ಮುಟ್ಟಬೇಡಿ.

ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಮೇಲೆ ಕಡ್ಡಿ ನೆಡಲು ಒಳ್ಳೆಯ ಸಮಯ. ದೊಡ್ಡಪತ್ರೆ, ಬಸಳೆ, ಮಜ್ಜಿಗೆ ಹುಲ್ಲು ನನ್ನಲ್ಲಿ ಬೇಕಾದಷ್ಟಿದೆ. ನಮ್ಮ ಕಟ್ಟಡದವರು ಸಂಜೆ ಐದರ ಮೇಲೆ ಬನ್ನಿ, ಬರುತ್ತೇವೆಂದು ಮೆಸೇಜ್ ಮಾಡುವ ಅಗತ್ಯವಿಲ್ಲ. ನಿಮ್ಮ ಊರಿನದ್ದು ಯಾವುದಾದರೂ ಕಡ್ಡಿಯೋ ಬೀಜವೋ ಇದ್ದರೆ ತನ್ನಿ. ಕಲಬುರಗಿ ಕಡೆಯ ಪುಂಡಿ ಸೊಪ್ಪಿನ ಬೀಜ ಯಾರಲ್ಲಾದರೂ ಇದ್ದರೆ ಕೊಡಿ, ಬಹಳ ದಿನದಿಂದ ಹುಡುಕುತ್ತಿದ್ದೇನೆ.

ಇಂತಿ,
ಮೂರನೇ ಮಹಡಿಯ ನಿಮ್ಮ ಆಂಟಿ